ತಾನಾಗಿ ಬಿರಿಯದ ಕಾಯಿ

ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲ ದಾಟಿ ಬೆಳ್ಳೂರಿನ ಕಡೆ ಬಂದರೆ ನಾಲೆಯ ಹಸಿರು ಹಿಂದೆ ಉಳಿದು ರಾಗಿ, ಹುರುಳಿಯ ಬೆದ್ದಲು ಶುರುವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಈ ಹೊಲಗಳಿಗೆ ಕೈ ಹಾಕುವ ಕೆಲಸವಿಲ್ಲ. ಕಣ ಮುಗಿದಿದೆ, ಮುಂಗಾರು ಇನ್ನೂ ದೂರ. ಕೂಲಿಗೆ ಕರೆಯುವವರೇ ಇಲ್ಲದ ಆ ದಿನಗಳಲ್ಲಿ ಕೆರೆ ಏರಿ, ಹೊಲದ ಬದು, ರಸ್ತೆ ಮಗ್ಗುಲಲ್ಲಿ ಒಂದು ಬೆಳೆ ಸದ್ದಿಲ್ಲದೆ ಉದುರುತ್ತದೆ. ಅದು ಹೊಂಗೆಕಾಯಿ.

ಬಿತ್ತಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಆಯ್ದವರದ್ದೇ ಫಸಲು. ಹೊಂಗೆ ಬೀಜ ಸರ್ಕಾರದ ಲೆಕ್ಕದಲ್ಲಿ ಕಿರು ಅರಣ್ಯ ಉತ್ಪನ್ನ. ಕೇಂದ್ರ ಸರ್ಕಾರ 2013–14ರಲ್ಲಿ ಇಂಥ ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆ ಯೋಜನೆ ತಂದಾಗ ಹುಣಸೆ, ಜೇನು, ಅರಗಿನ ಜೊತೆ ಹೊಂಗೆಯೂ ಪಟ್ಟಿಯಲ್ಲಿತ್ತು. ನಮ್ಮ ಬಯಲುಸೀಮೆಯಲ್ಲಿ ಮಾತ್ರ ಅದಕ್ಕಾಗಿ ಕಾಡಿಗೆ ಹೋಗಬೇಕಿಲ್ಲ, ಮನೆ ಹಿತ್ತಿಲು ದಾಟಿದರೆ ಸಾಕು.

ಬೆಳಗಿನ ತಂಪಿನಲ್ಲಿ ಮರದಡಿ ಗುಡಿಸಿ ತಂದ ಕಾಯನ್ನು ಅಂಗಳದಲ್ಲಿ ಹರವುತ್ತಾರೆ. ಅಂಗೈ ಉದ್ದವೂ ಇಲ್ಲದ, ಚಪ್ಪಟೆಯಾದ, ಒಣಗಿದರೆ ಮರದ ಚಕ್ಕೆಯಂತೆ ಗಟ್ಟಿಯಾಗುವ ಕಾಯಿ. ಅವರೆ, ತೊಗರಿಯ ಬಳಗದ್ದೇ ಆದರೂ ಎಷ್ಟು ಬಿಸಿಲು ಕಾಯಿಸಿದರೂ ಇದು ತಾನಾಗಿ ಬಿರಿಯುವುದಿಲ್ಲ. ಯಾರಾದರೂ ಕುಳಿತು ಬಡಿಗೆಯಲ್ಲಿ ಬಡಿಯಬೇಕು. ಬಡಿದ ಮೇಲೆ ಮೊರದಲ್ಲಿ ಕೇರಿದರೆ ಸಿಪ್ಪೆ ಒಂದು ಕಡೆ, ಸುಕ್ಕುಗಟ್ಟಿದ ಕೆಂಗಂದು ಬೀಜ ಇನ್ನೊಂದು ಕಡೆ. ಸಿಪ್ಪೆ ನೀರೊಲೆಗೆ, ಬೀಜ ಚೀಲಕ್ಕೆ. ಕೈಗೆ ಹತ್ತಿದ ಕಹಿ ಸಾಬೂನಿಗೂ ಬೇಗ ಬಿಡದು. ಈ ಕೆಲಸದಲ್ಲಿ ಹೆಚ್ಚಾಗಿ ಕಾಣುವವರು ಹೆಂಗಸರು, ಅದರಲ್ಲೂ ಹೊಲಕ್ಕೆ ಹೋಗಲಾಗದ ವಯಸ್ಸಾದವರು. ಮೊಮ್ಮಗುವನ್ನು ನೋಡಿಕೊಳ್ಳುತ್ತಲೇ ಜಗಲಿಯಲ್ಲಿ ಮಾಡಬಹುದಾದ ದುಡಿಮೆ ಇದು.

ಬೀಜದಲ್ಲಿ ಎಣ್ಣೆ ಶೇ 30ರ ಆಸುಪಾಸು. ಮಿಲ್ಲಿನಲ್ಲಿ ಅರೆದಾಗ ಅಷ್ಟೂ ಕೈಗೆ ಸಿಗುವುದಿಲ್ಲ. ಹೆಚ್ಚುಕಡಿಮೆ 4 ಕಿಲೋ ಬೀಜಕ್ಕೆ 1 ಲೀಟರ್ ಎಣ್ಣೆ, ಉಳಿದದ್ದು ಹಿಂಡಿ. ಎಣ್ಣೆ ಕಂದು ಬಣ್ಣದ್ದು, ದಪ್ಪ, ಘಾಟು. ತಿನ್ನಲು ಬಾರದು. ಹಾಗಾಗಿ ಅದು ಹಣತೆಗೆ ಹೋಯಿತು, ಗಾಡಿಯ ಕೀಲೆಣ್ಣೆಯಾಯಿತು, ಕಜ್ಜಿ ತುರಿಕೆಗೆ ಮದ್ದಾಯಿತು, ಸಾಬೂನಾಯಿತು. ಸೀಮೆಎಣ್ಣೆಯೂ ಕರೆಂಟೂ ಬಂದ ಮೇಲೆ ದೀಪದ ಕೆಲಸ ಹೋಯಿತು. ಅದರ ಹಿಂದೆಯೇ ಎಷ್ಟೋ ಊರುಗಳ ಗಾಣವೂ ನಿಂತಿತು.

ಮರೆತ ಎಣ್ಣೆಯನ್ನು ಮತ್ತೆ ನೆನಪಿಸಿದ್ದು ಎಂಜಿನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರೆತ್ತಿಸಿ ತೋರಿಸಿದರು. 2009ರಲ್ಲಿ ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿ ತಂದಿತು, ಅದಕ್ಕೊಂದು ಮಂಡಳಿಯೂ ಬಂತು. ಪಾಳುಬಿದ್ದ ಅರಣ್ಯ ಭೂಮಿಗೆ ‘ಹಸಿರು ಹೊನ್ನು’, ರೈತರ ಜಮೀನಿಗೆ ‘ಬರಡು ಬಂಗಾರ’ ಎಂಬ ಹೆಸರಲ್ಲಿ ಹೊಂಗೆ, ಬೇವು, ಹಿಪ್ಪೆ ಸಸಿಗಳು ಹೋದವು. ಬೆಳ್ಳೂರು ಕ್ರಾಸಿನಿಂದ ಮಂಗಳೂರು ಹೆದ್ದಾರಿ ಹಿಡಿದರೆ ಸಿಗುವ ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕ್ ಕಟ್ಟಿತು. ಅಲ್ಲಿ ಕಲಿಸುವ ವಿದ್ಯೆ ಕೇಳಲು ದೊಡ್ಡದು, ಮಾಡಲು ಸರಳ. ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಬೆರೆಸಿ ಬಿಸಿ ಮಾಡಿ ತಿರುವಿದರೆ ತಿಳಿಯಾದ ಡೀಸೆಲ್ ಮೇಲೆ ನಿಲ್ಲುತ್ತದೆ, ಗ್ಲಿಸರಿನ್ ತಳಕ್ಕಿಳಿಯುತ್ತದೆ. ಗ್ಲಿಸರಿನ್ನಿನಿಂದ ಸಾಬೂನು.

ಡೀಸೆಲ್ಲಿನ ಮಾತು ಪೇಪರಿನಲ್ಲಿ ಬಂತು, ಹಿಂಡಿಯ ಮಾತು ಬರಲಿಲ್ಲ. ಊರಿನ ಲೆಕ್ಕ ನಿಂತಿರುವುದು ಹಿಂಡಿಯ ಮೇಲೆ. ಅರೆದ ಬೀಜದಲ್ಲಿ ಮುಕ್ಕಾಲು ಪಾಲು ತೂಕ ಅದರದ್ದೇ. ಹೊಂಗೆ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿಯುವ ಮರ. ಹಿಂದೆ ಅದರ ಸೊಪ್ಪನ್ನು ಗದ್ದೆಯ ಕೆಸರಲ್ಲಿ ತುಳಿಯುತ್ತಿದ್ದರು. ಹಿಂಡಿ ಹಾಕಿದರೆ ಗಿಡಕ್ಕೆ ಗೊಬ್ಬರ, ಮಣ್ಣಿನ ಹುಳಕ್ಕೆ ಕಹಿ. ತೆಂಗು, ಅಡಿಕೆ, ಕಬ್ಬಿನವರು ದುಡ್ಡು ಕೊಟ್ಟು ಒಯ್ಯುತ್ತಾರೆ.

ಬೀಜವನ್ನು ಚೀಲದಲ್ಲೇ ದೂರದ ಪೇಟೆಗೆ ಸಾಗಿಸಿದರೆ ಊರಿಗೆ ಉಳಿಯುವುದು ವ್ಯಾಪಾರಿ ಹೇಳಿದ ರೇಟು ಮಾತ್ರ. ಆಯ್ದವರ ಬಳಿ ತಕ್ಕಡಿಯಿಲ್ಲ, ಬೆಲೆ ಏರುವವರೆಗೆ ಕಾಯಲು ಪುರುಸೊತ್ತಿಲ್ಲ. ಅದೇ ಬೀಜ ಹತ್ತಿರದಲ್ಲೇ ಅರೆದರೆ ಮಿಲ್ಲಿಗೆ ಇಬ್ಬರು ಕೈಯಾಳು, ಸಾಗಿಸಲು ಒಂದು ಗೂಡ್ಸ್ ಆಟೊ, ಸಾಬೂನಿಗೆ ಒಂದು ಸ್ವಸಹಾಯ ಸಂಘ, ಸಸಿಗೆ ಒಂದು ನರ್ಸರಿ. ಯಾರಿಗೂ ಇದು ವರ್ಷವಿಡೀ ಹೊಟ್ಟೆ ತುಂಬಿಸುವ ಉದ್ಯೋಗವಲ್ಲ. ಬೇರೇನೂ ಸಿಗದ ತಿಂಗಳಲ್ಲಿ, ಬೇರೆ ಯಾರೂ ಕೆಲಸ ಕೊಡದವರ ಕೈಗೆ ಸಿಗುವ ಕಾಸು. ಶಾಲೆ ಶುರುವಾಗುವ ಜೂನಿಗೆ ಮುಂಚೆ ಬರುವ ಕಾಸು ಎಂಬುದೂ ಲೆಕ್ಕಕ್ಕೆ ಬರಬೇಕು.

ಹಾಗಾಗಿ ಹೊಂಗೆ ಉದ್ಯಮ ಬೆಳೆಯಿತೋ ಇಲ್ಲವೋ ಎಂದು ನೋಡುವವರು ಡೀಸೆಲ್ಲಿನ ಟ್ಯಾಂಕು ಅಳೆಯುವ ಮುನ್ನ ಊರಿನ ತೆಂಗಿನ ಪಾತಿಗಳನ್ನು ಬಗ್ಗಿ ನೋಡಲಿ. ಕೆರೆ ಏರಿಯಲ್ಲಿ ಆಯ್ದ ಕಾಯಿ ಹಿಂಡಿಯಾಗಿ ಅದೇ ಊರಿನ ಪಾತಿಗೆ ಬಿದ್ದಿದ್ದರೆ, ನಡುವೆ ನಾಲ್ಕಾರು ಜನರ ಕೈ ತುಂಬಿದೆ ಎಂದೇ ಅರ್ಥ. ಅದರಲ್ಲಿ ಮೊದಲ ಕೈ ಜಗಲಿಯಲ್ಲಿ ಬಡಿಗೆ ಹಿಡಿದು ಕೂತ ಅಜ್ಜಿಯದು.