ಜ್ವರದ ಔಷಧ: ಚಮಚ ಹಿಡಿಯುವ ಮುನ್ನ

ನಡುರಾತ್ರಿ ಮಗುವಿನ ಮೈ ಕೆಂಡದಂತೆ ಸುಡುತ್ತಿದ್ದರೆ ತಾಯಿಯ ಕೈ ಮೊದಲು ಹೋಗುವುದು ಪ್ಯಾರಾಸಿಟಮಾಲ್ ಸೀಸೆಯತ್ತ. ಅದರಲ್ಲಿ ತಪ್ಪೇನಿಲ್ಲ. ಹದವರಿತು ಕೊಟ್ಟರೆ ಇದು ಮಕ್ಕಳಿಗೆ ಅಷ್ಟಾಗಿ ತೊಂದರೆ ಕೊಡದ ಔಷಧವೇ. ಎಡವಟ್ಟಾಗುವುದು ಅಳತೆಯಲ್ಲಿ.

ವೈದ್ಯರು ಇದರ ಪ್ರಮಾಣ ನಿರ್ಧರಿಸುವುದು ಮಗುವಿನ ತೂಕ ನೋಡಿ: ಸಾಮಾನ್ಯವಾಗಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎರಡು ಸಲದ ನಡುವೆ 4ರಿಂದ 6 ಗಂಟೆ ಬಿಡುವಿರಬೇಕು. 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಎಂದಾಯಿತು. ಈಗ ಸೀಸೆಯ ಮೇಲಿನ ಚೀಟಿ ಓದಿ. ಕೆಲವು ಸಿರಪ್‌ಗಳ 5 ಮಿ.ಲೀ.ನಲ್ಲಿ 125 ಮಿಲಿಗ್ರಾಂ ಔಷಧವಿದ್ದರೆ ಕೆಲವದರಲ್ಲಿ 250. ಹಸುಗೂಸುಗಳಿಗೆಂದು ಮಾರುವ ಹನಿ ಔಷಧದಲ್ಲಾದರೋ ಒಂದೇ ಮಿ.ಲೀ.ನಲ್ಲಿ 100 ಮಿಲಿಗ್ರಾಂ! ಮಗು ಚಿಕ್ಕದು, ಅದರ ಔಷಧವೂ ಸೌಮ್ಯವಾಗಿದ್ದೀತು ಎಂಬ ಊಹೆ ಇಲ್ಲಿ ತಲೆಕೆಳಗು. ಹನಿ ಔಷಧವನ್ನು ಸಿರಪ್ ಎಂದು ತಿಳಿದು 5 ಮಿ.ಲೀ. ಕುಡಿಸಿದರೆ ಒಳಗೆ ಹೋಗುವುದು 500 ಮಿಲಿಗ್ರಾಂ, ದೊಡ್ಡವರ ಒಂದು ಮಾತ್ರೆಯಷ್ಟು. ತ್ರೈರಾಶಿ ಕಲಿತ ಮಕ್ಕಳು ಮನೆಯಲ್ಲಿದ್ದರೆ ಈ ಲೆಕ್ಕವನ್ನು ಅವರಿಂದಲೇ ಮಾಡಿಸಿ ನೋಡಬಹುದು. ಪರೀಕ್ಷೆಯ ಎಷ್ಟೋ ಲೆಕ್ಕಗಳಿಗಿಂತ ಇದು ಉಪಯೋಗದ್ದು. ಅಡುಗೆಮನೆಯ ಚಮಚಗಳಂತೂ ಒಂದರಂತೆ ಒಂದಿಲ್ಲ. ಸೀಸೆಯೊಡನೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು.

ನೆಗಡಿಗೆಂದು ಕೊಡುವ ಎಷ್ಟೋ ಸಿರಪ್‌ಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಹೆಸರು ಬೇರೆ, ಬಣ್ಣ ಬೇರೆ. ಎರಡನ್ನೂ ಕುಡಿಸಿದರೆ ಮಗುವಿಗೆ ಸಿಗುವುದು ಇಮ್ಮಡಿ.

ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. ನುಂಗಿದ ಔಷಧದ ಬಹುಪಾಲನ್ನು ಯಕೃತ್ತು ನಿರಪಾಯಕಾರಿಯಾಗಿ ಮಾರ್ಪಡಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಅಲ್ಪ ಭಾಗ ಮಾತ್ರ ವಿಷವಸ್ತುವಾಗುತ್ತದೆ. ಅದನ್ನು ಹಿಡಿದು ನಿರ್ವಿಷಗೊಳಿಸುವುದು ಗ್ಲುಟಾಥಯೋನ್. ಈ ದಾಸ್ತಾನು ಮುಗಿದರೆ ವಿಷವು ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ.

ಹಾಗೆಂದು ಬೇರೆ ಔಷಧಕ್ಕೆ ಕೈಹಾಕುವುದೂ ಸಲ್ಲದು. ವೈರಸ್ ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮಿದುಳು, ಯಕೃತ್ತುಗಳನ್ನು ಕೆಡಿಸುವ ರೇ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯ ಭಯವುಂಟು. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿಯೇ ನಿಷೇಧಿಸಿದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿನ ಮಾತೇ ಬೇಡ, ನೇರವಾಗಿ ವೈದ್ಯರ ಬಳಿಗೆ ಒಯ್ಯಬೇಕು.

ಪ್ಯಾರಾಸಿಟಮಾಲ್ ಮಿತಿಮೀರಿದೆ ಎಂಬ ಅನುಮಾನ ಬಂದರೆ ಮಗು ಆಡುತ್ತಿದೆಯಲ್ಲ ಎಂದು ಕಾಯಬಾರದು. ಮೊದಲ ದಿನ ವಾಕರಿಕೆ, ವಾಂತಿ ಬಿಟ್ಟು ಮತ್ತೇನೂ ಕಾಣದೆ ಹೋಗಬಹುದು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಎಂಟು ಗಂಟೆಯೊಳಗೆ ಸಿಕ್ಕರೆ ಅದರ ಫಲ ಹೆಚ್ಚು. ಆಸ್ಪತ್ರೆಗೆ ಹೊರಡುವಾಗ ಸೀಸೆಯನ್ನೂ ಜೊತೆಗೆ ಒಯ್ಯಿರಿ.