ಎಣ್ಣೆಕಾಳು, ಎರೆ ಮಣ್ಣು, ಇಷ್ಟು ಸತು

ಒಂದೇ ಮುಂಗಾರು ಚಿಕ್ಕೋಡಿ ಸೀಮೆಯ ಐದೂ ತಾಲ್ಲೂಕಿಗೆ ಒಂದೇ ಸಮ ಸುರಿಯುವುದಿಲ್ಲ. ಸಹ್ಯಾದ್ರಿಗೆ ಹತ್ತಿರದ ನಿಪ್ಪಾಣಿಯಲ್ಲಿ ಸೋಯಾಬೀನ್ ಮೊಣಕಾಲೆತ್ತರ ನಿಂತಿರುವಾಗ ಅಥಣಿಯ ತೆಲಸಂಗದ ಕಡೆ ಇನ್ನೂ ಮುಗಿಲು ನೋಡುತ್ತಿರುತ್ತಾರೆ. ನಡುವೆ ಕೃಷ್ಣೆ ಹರಿದಲ್ಲೆಲ್ಲ ಕಬ್ಬು. ರಾಯಬಾಗವಾಗಲಿ ಕಾಗವಾಡವಾಗಲಿ, ಎಣ್ಣೆಕಾಳಿನ ಪಾಲಿಗೆ ಉಳಿದದ್ದು ಹೆಚ್ಚಾಗಿ ನೀರು ಏರದ ಹೊಲ.

ಅಂಥ ಹೊಲಕ್ಕೆ ಹಿಂದೆ ಕುಸುಬಿ ಇತ್ತು. ಹಿಂಗಾರಿಯಲ್ಲಿ ಬಿತ್ತಿದರೆ ಬೇರು ಆಳಕ್ಕಿಳಿದು, ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆ ಕೈಗೆ ಬರುತ್ತಿತ್ತು. 1969ರಲ್ಲಿ ಸೋವಿಯತ್ ರಷ್ಯಾದಿಂದ ಸೂರ್ಯಕಾಂತಿಯ ತಳಿಗಳು ದೇಶಕ್ಕೆ ಬಂದವು. ನಮ್ಮ ಕಡೆ ಅದು ಸೂರ್ಯಪಾನವಾಯಿತು. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಅದಕ್ಕೆ ಬಲ ಕೊಟ್ಟಿತು. ಆಮೇಲೆ ಜಬಲ್‌ಪುರದ ಜೆಎಸ್ 335 ತಳಿಯ ಜೊತೆ ಸೋಯಾಬೀನ್ ಹಬ್ಬಿತು.

ಹೊಸ ಬೆಳೆಗಳ ಹಿಂದೆಯೇ ಡಿಎಪಿ ಚೀಲ ಬಂತು. ಅದರಲ್ಲಿ ಸಾರಜನಕ 18, ರಂಜಕ 46, ಸತು ಇಲ್ಲ. ಅಷ್ಟು ದಿನ ಸತು ಒದಗಿಸುವ ಕೆಲಸವನ್ನು ಯಾರಿಗೂ ಹೇಳದೆ ಮಾಡುತ್ತಿದ್ದದ್ದು ತಿಪ್ಪೆಗೊಬ್ಬರ. ದನ ಕಡಿಮೆಯಾದವು, ತಿಪ್ಪೆ ಸಣ್ಣದಾಯಿತು, ಇಳುವರಿ ಮಾತ್ರ ವರ್ಷವರ್ಷವೂ ಸತುವನ್ನು ಹೊತ್ತೊಯ್ದಿತು. ಮೇಲಾಗಿ ಇಲ್ಲಿನ ಎರೆಮಣ್ಣಿನಲ್ಲಿ ಸುಣ್ಣ ಹೆಚ್ಚು. ಉಳುವಾಗ ನೇಗಿಲಿಗೆ ಸಿಗುವ ಬಿಳಿ ಹರಳುಗಳೇ ಅದಕ್ಕೆ ಸಾಕ್ಷಿ. ಸುಣ್ಣದ ಮಣ್ಣಿನಲ್ಲಿ ಸತು ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ರಂಜಕ ಹೆಚ್ಚಾದರೆ ಇನ್ನೂ ಕಷ್ಟ.

ಗಿಡಕ್ಕೆ ಸತು ಬೇಕೇ ಬೇಕು ಎಂಬುದು ಸಾಬೀತಾದದ್ದೂ ಒಂದು ಎಣ್ಣೆಕಾಳಿನ ಮೇಲೆಯೇ. 1926ರಲ್ಲಿ ಕ್ಯಾಲಿಫೋರ್ನಿಯಾದ ಆನ್ನಾ ಸೋಮರ್ ಮತ್ತು ಚಾರ್ಲ್ಸ್ ಲಿಪ್‌ಮನ್ ಸೂರ್ಯಕಾಂತಿ, ಬಾರ್ಲಿ ಸಸಿಗಳನ್ನು ಸತುವಿಲ್ಲದ ನೀರಿನಲ್ಲಿ ಬೆಳೆಸಲು ಹೋಗಿ ಅದನ್ನು ತೋರಿಸಿಕೊಟ್ಟರು. ನಮ್ಮ ದೇಶ ಎಚ್ಚೆತ್ತದ್ದು ಭತ್ತದಿಂದ: 1966ರಲ್ಲಿ ಪಂತನಗರದ ವೈ. ಎಲ್. ನೆನೆ ಅವರು ಖೈರಾ ರೋಗ ಸತುವಿನ ಕೊರತೆ ಎಂದು ಗುರುತಿಸಿದರು. ಸತುವಿನ ಸಲ್ಫೇಟ್ ಗೊಬ್ಬರದಂಗಡಿಗೆ ಬರಲು ಅಲ್ಲಿಂದ ದಾರಿಯಾಯಿತು.

ಬರಕ್ಕೂ ಸತುವಿಗೂ ಏನು ನಂಟು? ಸತು ಮಣ್ಣಿನಲ್ಲಿ ನೀರಿನ ತೆಳು ಪದರ ಹಿಡಿದು ಬೇರಿನತ್ತ ತೆವಳುತ್ತದೆ. ಮೇಲ್ಮಣ್ಣು ಒಣಗಿದರೆ ಆ ಹಾದಿ ಕಡಿಯುತ್ತದೆ. ಹೀಗಾಗಿ ನೀರಡಿಸಿದ ಗಿಡ ಹಸಿಯುತ್ತಲೂ ಇರುತ್ತದೆ. ಬಿಸಿಲಿನ ಹೊಡೆತಕ್ಕೆ ಎಲೆಯೊಳಗೆ ಹುಟ್ಟುವ ವಿಷಕಾರಿ ಆಮ್ಲಜನಕವನ್ನು ತಣಿಸುವ ಕಿಣ್ವಗಳಲ್ಲಿ ಕೆಲವು ಸತು ಬೇಡುತ್ತವೆ. ಪರಾಗ ಗಟ್ಟಿಯಾಗಲೂ ಅದು ಬೇಕು. ಮೊಗ್ಗಿನಿಂದ ಕಾಳು ಕಟ್ಟುವವರೆಗಿನ ದಿನಗಳಲ್ಲಿ ಮಳೆ ಕೈಕೊಟ್ಟ ಸೂರ್ಯಪಾನದ ತೆನೆಯನ್ನು ಮುರಿದು ನೋಡಿ. ಅಂಚಿನ ಎರಡು ಮೂರು ಸುತ್ತು ಕಾಳು ಗಟ್ಟಿ. ನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಸಿಪ್ಪೆ ಚಪ್ಪಟೆಯಾಗುತ್ತದೆ, ಒಳಗೆ ಬೀಜವಿಲ್ಲ. ಶೇಂಗಾದಲ್ಲಿ ಈ ಪೆಟ್ಟು ಕಾಣುವುದೇ ಇಲ್ಲ: ಹೂವಿನಿಂದಿಳಿದ ಸೂಜಿ ಗಟ್ಟಿ ನೆಲದಲ್ಲಿ ನಾಟದೆ ಗಾಳಿಯಲ್ಲೇ ಒಣಗುತ್ತದೆ, ಮೇಲೆ ಬಳ್ಳಿ ಹಸಿರಾಗಿಯೇ ಇರುತ್ತದೆ.

ಸತು ಮಳೆಯ ಬದಲಿ ಅಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ 2023ರಂಥ ವರ್ಷದಲ್ಲಿ ಯಾವ ಪುಡಿಯೂ ಬೆಳೆ ಉಳಿಸದು. ಅದರ ಆಟ ನಡೆಯುವುದು ಹದಿನೈದಿಪ್ಪತ್ತು ದಿನ ಮಳೆ ಬಿಟ್ಟು ಮತ್ತೆ ಬರುವ ವರ್ಷಗಳಲ್ಲಿ, ಅದೂ ಸತು ಕಡಿಮೆ ಇರುವ ಹೊಲದಲ್ಲಿ. ಮಣ್ಣು ಪರೀಕ್ಷೆಯಲ್ಲಿ 0.6 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ ಎನ್ನುವುದು ರೂಢಿ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಆ ಅಂಕಿಗೂ ಒಂದು ಸಾಲಿದೆ. ನನ್ನ ಅಂದಾಜಿನಲ್ಲಿ ಯಾರೂ ಓದದ ಸಾಲು. ಅಂಗಡಿಯ ಮಾತು ಕೇಳಿ ಟಾನಿಕ್ಕಿನಂತೆ ಸುರಿದರೆ ದುಡ್ಡು ದಂಡ.

ಕೊಡುವುದಾದರೆ ಬಿತ್ತುವ ಮೊದಲು, ಕೊಳೆತ ತಿಪ್ಪೆಗೊಬ್ಬರದಲ್ಲಿ ಬೆರೆಸಿ. ಡಿಎಪಿ ಜೊತೆ ಒಂದೇ ಕೂರಿಗೆಯಲ್ಲಿ ಬಿಟ್ಟರೆ ಎರಡೂ ಕೂಡಿ ಕರಗದ ವಸ್ತುವಾಗುತ್ತವೆ. ಬಿತ್ತುವ ಮೊದಲು ಕೊಡುವುದು ತಪ್ಪಿಹೋಗಿದ್ದರೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ ಕಲಸಿ ಸಿಂಪಡಿಸಬಹುದು. ಆದರೆ ಎಲೆ ಮುದುಡುವ ಮೊದಲು, ಬಿಸಿಲೇರದ ಹೊತ್ತಿನಲ್ಲಿ.