ಯಾವ ಹೊತ್ತಿಗೆ ಯಾವ ಪದ: ಆಳಂದ, ಅಫಜಲಪುರ, ಜೇವರ್ಗಿ ಪರಿಸರದ ಭಜನಾ ಮೇಳಗಳಲ್ಲಿ ತತ್ವಪದಗಳ ಆಯ್ಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಪರಿಸರದಲ್ಲಿ ಭಜನೆಯೆಂಬುದು ಕೇವಲ ದೇವತಾಸ್ತುತಿಯಲ್ಲ. ಅಮಾವಾಸ್ಯೆಯ ರಾತ್ರಿ, ಶಿವರಾತ್ರಿಯ ಜಾಗರಣೆ, ಶ್ರಾವಣ ಮಾಸ, ಮಠದ ಜಾತ್ರೆ, ಮನೆಯೊಂದರಲ್ಲಿ ಸಂಭವಿಸಿದ ಸಾವು, ಹೀಗೆ ಸಮುದಾಯ ಒಂದೆಡೆ ಸೇರುವ ಸಂದರ್ಭಗಳಲ್ಲೆಲ್ಲ ಪದಗಳನ್ನು ಹಾಡುವ ರೂಢಿಯಿದೆ. ತತ್ವಪದಗಳ ಸಂಗ್ರಹ, ಸಂಪಾದನೆ, ಅರ್ಥವಿವೇಚನೆಗಳ ಬಗೆಗೆ ನಮ್ಮಲ್ಲಿ ಸಾಕಷ್ಟು ಕೆಲಸ ನಡೆದಿದೆ. ಆದರೆ ಇರುವ ನೂರಾರು ಪದಗಳಲ್ಲಿ ಒಂದು ಮೇಳವು ಒಂದು ರಾತ್ರಿಗೆ ಯಾವುವನ್ನು ಆರಿಸಿಕೊಳ್ಳುತ್ತದೆ, ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಒಂದು ಪದ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ಆಯ್ಕೆಯನ್ನೇ ಅವಲಂಬಿಸಿರುವುದರಿಂದ ಅದರ ವಿವೇಚನೆ ಅಗತ್ಯವಾಗಿದೆ.

ಈ ಭಾಗದ ಪದಸಂಪತ್ತಿನ ಮೂಲಪುರುಷರಲ್ಲಿ ಕಡಕೋಳದ ಮಡಿವಾಳಪ್ಪನವರು ಪ್ರಮುಖರು. ಹದಿನೆಂಟನೆಯ ಶತಮಾನದ ಉತ್ತರಾರ್ಧ ಹಾಗೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಳಿದ ಇವರು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಜನಿಸಿದರೆಂದು ಪರಂಪರೆ ಹೇಳುತ್ತದೆ. ಅವರು ನೆಲೆಸಿದ ಕಡಕೋಳವು ದೀರ್ಘಕಾಲ ಜೇವರ್ಗಿ ತಾಲೂಕಿಗೆ ಸೇರಿತ್ತು; ಈಗ ಯಡ್ರಾಮಿ ತಾಲೂಕಿನಲ್ಲಿದೆ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ರಾಮಪುರದ ಬಕ್ಕಪ್ಪ ಮೊದಲಾದವರು ಅವರ ಶಿಷ್ಯ ಪರಂಪರೆಗೆ ಸೇರಿದ ಪದಕಾರರು. ಬೇರೆ ಬೇರೆ ಜಾತಿ ಮತಗಳ ಈ ಜನರನ್ನು ಒಂದು ಗುರುಮಾರ್ಗವೂ ಒಂದು ಭಾಷೆಯೂ ಕೂಡಿಸಿದ್ದವು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಪ್ರದೇಶದಲ್ಲಿ ಕಚೇರಿಯ ಭಾಷೆ ಉರ್ದು ಆಗಿತ್ತು. ಅಂಥ ಕಾಲದಲ್ಲಿ ಅಕ್ಷರ ಬಾರದವರ ನಾಲಗೆಯ ಮೇಲೂ ಗಂಭೀರ ಚಿಂತನೆಯ ಕನ್ನಡ ಉಳಿದುದರಲ್ಲಿ ಈ ಪದಗಳ ಪಾಲು ದೊಡ್ಡದು.

ಆಯ್ಕೆಯ ಮೊದಲ ನಿಯಾಮಕ ಸಂದರ್ಭ. ಭಜನೆಯು ಗುರುಸ್ತುತಿಯಿಂದ ಆರಂಭವಾಗಿ ಮಂಗಳಾರತಿಯ ಪದದಿಂದ ಮುಗಿಯುತ್ತದೆ. ನಡುವಿನ ರಾತ್ರಿಯೆಲ್ಲ ತತ್ವಕ್ಕೆ ಮೀಸಲು. ಸಾವಿನ ಮನೆಯಲ್ಲಿ ದೇಹದ ನಶ್ವರತೆಯನ್ನು ಹೇಳುವ ಪದಗಳು ಬರುತ್ತವೆ; ಅಲ್ಲಿ ವಿನೋದದ ಪದಕ್ಕೆ ಎಡೆಯಿಲ್ಲ. ಜಾತ್ರೆಯಲ್ಲಿ ಎರಡು ಮೇಳಗಳು ಎದುರುಬದುರು ಕುಳಿತಾಗ ಸವಾಲು ಜವಾಬಿಗೆ ಒದಗುವ, ಒಗಟಿನ ಸ್ವರೂಪದ ಬೆಡಗಿನ ಪದಗಳು ಮುಂದೆ ಬರುತ್ತವೆ. ಗುರುಬೋಧೆ ಪಡೆದವರಿಗೆ ಮಾತ್ರ ತಿಳಿಯಬಲ್ಲ ಯೋಗಪರಿಭಾಷೆಯ ಪದಗಳನ್ನು ಹಿರಿಯ ಹಾಡುಗಾರರು ನೆರೆದ ಜನರನ್ನು ನೋಡಿಯೇ ಎತ್ತಿಕೊಳ್ಳುತ್ತಾರೆ.

ಎರಡನೆಯ ನಿಯಾಮಕ ಕೂಟದ ಕಂಠ. ಏಕತಾರಿ, ತಾಳ, ದಮ್ಮಡಿಗಳೊಡನೆ ಇಂದು ಹಾರ್ಮೋನಿಯಂ ಮತ್ತು ತಬಲಾ ಸೇರಿವೆ. ಮುಂದಾಳು ನುಡಿಯನ್ನು ಹೇಳಿದರೆ ಹಿಮ್ಮೇಳದವರು ಪಲ್ಲವನ್ನು ಹಿಡಿದು ಎತ್ತಬೇಕು. ಪಲ್ಲವು ಚಿಕ್ಕದಾಗಿ, ಪ್ರಾಸಬದ್ಧವಾಗಿ, ಒಂದೇ ಉಸಿರಿಗೆ ನಿಲುಕುವಂತಿದ್ದರೆ ಹೊಸಬರೂ ಕೂಡಿಕೊಳ್ಳಬಲ್ಲರು. ಅರ್ಥದಲ್ಲಿ ಶ್ರೇಷ್ಠವಾದ ಪದವೂ ಪಲ್ಲ ತೊಡಕಾಗಿದ್ದರೆ ಒಬ್ಬರ ಹಾಡಾಗಿ ಉಳಿದು, ಆ ಹಾಡುಗಾರರೊಂದಿಗೇ ಮರೆಯಾಗುವ ಸಂಭವ ಹೆಚ್ಚು.

ಮೂರನೆಯದು ಅಂಕಿತ ಮತ್ತು ಪಾಠ. ಮಡಿವಾಳಪ್ಪನವರು ತಮ್ಮ ಗುರು ಮಹಾಂತನ ಹೆಸರನ್ನೇ ಅಂಕಿತವಾಗಿಸಿಕೊಂಡರು. ಗುರುವಿನ ಹೆಸರು ಅಂಕಿತವಾದಲ್ಲಿ ಗುರುಶಿಷ್ಯರ ಪದಗಳು ಒಂದರೊಡನೊಂದು ಬೆರೆಯುವುದು ಸುಲಭ. ಆದ್ದರಿಂದ ಅಂಕಿತವನ್ನು ಮಾತ್ರ ನಂಬಿ ಕರ್ತೃತ್ವವನ್ನು ನಿರ್ಣಯಿಸಲಾಗದು. ಭಾಷೆ, ಮಟ್ಟು, ಹಾಡಿಕೆಯ ಪರಂಪರೆಗಳನ್ನು ಜೊತೆಗಿಟ್ಟು ನೋಡಬೇಕು. ಅಚ್ಚಾದ ಪಾಠದಲ್ಲಿ ಪ್ರಾದೇಶಿಕ ರೂಪಗಳನ್ನು ಶಿಷ್ಟಗನ್ನಡಕ್ಕೆ ತಿದ್ದಿದ್ದರೆ ದ್ವಿತೀಯಾಕ್ಷರ ಪ್ರಾಸವೂ ತಾಳದ ನಡೆಯೂ ಕೆಡುತ್ತವೆ. ಅಂಥಲ್ಲಿ ಮೇಳದ ಬಾಯಿಪಾಠವೇ ಹೆಚ್ಚು ವಿಶ್ವಾಸಾರ್ಹ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಪ್ರಕಟಿಸಿದ ತತ್ವಪದ ಸಂಪುಟಗಳು ಪಾಠಗಳನ್ನು ವಿಸ್ತಾರವಾಗಿ ಒದಗಿಸಿವೆಯಾದರೂ ಮಟ್ಟನ್ನು ಪುಟ ಹಿಡಿದಿಡಲಾರದು.

ಈ ಮೂರರ ಆಚೆಗೆ ಇರುವುದು ನೆರೆಯ ಮತ್ತು ದೂರದ ಆಕರ್ಷಣೆ. ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಯವು. ಪಂಢರಪುರವನ್ನು ಬಳಸಿ ಬರುವ ಭೀಮಾ ನದಿಯೇ ದೇವಲ ಗಾಣಗಾಪುರದ ದಂಡೆಯಲ್ಲಿ ಹರಿಯುತ್ತದೆ. ಮರಾಠಿ ಅಭಂಗಗಳು ಇಲ್ಲಿನ ಕಿವಿಗೆ ಹೊಸವಲ್ಲ. ಅವು ಕನ್ನಡ ಪದಗಳೊಡನೆ ಬಾಳಿಕೊಂಡು ಬಂದಿವೆ. ಕ್ಯಾಸೆಟ್ಟಿನ ಯುಗದ ಪರಿಣಾಮ ಬೇರೆ ಬಗೆಯದು. ಸಿ. ಅಶ್ವತ್ಥ್ ಅವರ ಕಂಠದಿಂದ ನಾಡಿನಾದ್ಯಂತ ಜನಪ್ರಿಯವಾದ ಶಿಶುನಾಳ ಶರೀಫರ (1819–1889) ಪದಗಳು ಒಂದು ಸಿದ್ಧ ಧಾಟಿಯೊಡನೆ ಹಳ್ಳಿಗಳಿಗೆ ಬಂದವು. ಶರೀಫರ ಪದಗಳ ಹಿರಿಮೆಯಲ್ಲಿ ಸಂದೇಹವಿಲ್ಲ. ಆದರೆ ಕೇಳಿ ಕಲಿತ ಹತ್ತು ಪದಗಳು ರಾತ್ರಿಯನ್ನು ತುಂಬಿದಾಗ ಜಲಾಲಸಾಹೇಬರ ಪದಕ್ಕೆ ಅವರದೇ ನೆಲದಲ್ಲಿ ಸರದಿ ತಪ್ಪುತ್ತದೆ.

ಇಂಥದೇ ಸಮಸ್ಯೆಯನ್ನು ದೂರದ ಆಸ್ಟ್ರೇಲಿಯಾ ಎದುರಿಸಿದ ಬಗೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಕ್ರಿಸ್‌ಮಸ್ ಬರುವುದು ನಡುಬೇಸಿಗೆಯಲ್ಲಿ. ಆದರೂ ಚರ್ಚಿನ ಗಾಯಕವೃಂದಗಳು ಇಂಗ್ಲೆಂಡಿನಿಂದ ಬಂದ ಹಿಮದ ಹಾಡುಗಳನ್ನೇ ಹಾಡುತ್ತಿದ್ದವು. ಜಾನ್ ವೀಲರ್ ಬರೆದ ಸಾಹಿತ್ಯಕ್ಕೆ ವಿಲಿಯಂ ಜಿ. ಜೇಮ್ಸ್ ರಾಗ ಸಂಯೋಜಿಸಿದ ಐದು ಕ್ರಿಸ್‌ಮಸ್ ಗೀತೆಗಳು 1948ರಲ್ಲಿ ಪ್ರಕಟವಾದವು. ಅವುಗಳಲ್ಲಿ ಆ ನೆಲದ ಹಕ್ಕಿಗಳೂ ದನಗಾಹಿಗಳೂ ಹಬ್ಬದೊಳಕ್ಕೆ ಬಂದರು. ಹಳೆಯ ಗೀತೆಗಳು ಉಳಿದವು, ಅವುಗಳ ಪಕ್ಕದಲ್ಲಿ ಸ್ವಂತದವೂ ನಿಂತವು. ಅವರು ಹೊಸದಾಗಿ ರಚಿಸಿಕೊಳ್ಳಬೇಕಾದುದು ನಮ್ಮಲ್ಲಿ ಎರಡು ಶತಮಾನಗಳಿಂದ ಸಿದ್ಧವಾಗಿಯೇ ಇದೆ ಎಂಬುದು ಗಮನಾರ್ಹ.

ಆಯ್ಕೆಯಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಮಡಿವಾಳಪ್ಪನವರ ಪದಗಳಲ್ಲಿ ಜಾತಿಯ ಹಮ್ಮು ಮತ್ತು ಡಾಂಭಿಕ ಆಚರಣೆಗಳ ಕಟು ವಿಮರ್ಶೆಯಿದೆ. ಸಭೆಗೆ ಇರಿಸುಮುರಿಸಾದೀತೆಂದು ಅಂಥ ಪದಗಳನ್ನು ಬದಿಗಿರಿಸಿ ಕೇವಲ ಭಕ್ತಿಯ ಪದಗಳನ್ನು ಹಾಡುತ್ತ ಹೋದರೆ, ಒಂದೆರಡು ತಲೆಮಾರುಗಳಲ್ಲಿ ಪದಕಾರನ ಚಿತ್ರವೇ ಬದಲಾಗುತ್ತದೆ. ಮೃದುವಾದ ಮಡಿವಾಳಪ್ಪ ಅರ್ಧ ಮಡಿವಾಳಪ್ಪ ಮಾತ್ರ.

ಆದ್ದರಿಂದ ಸಂಶೋಧಕರು ಪದದ ಪಾಠದೊಡನೆ ಅದನ್ನು ಹಾಡುವ ಸಂದರ್ಭ, ರಾತ್ರಿಯ ಯಾವ ಜಾವ, ಮಟ್ಟು, ಅಂಕಿತದ ಪಾಠಾಂತರ, ಹಾಡಿದ ಮೇಳದ ಗುರುಪರಂಪರೆ ಇವುಗಳನ್ನೂ ದಾಖಲಿಸುವುದು ಅವಶ್ಯ. ಗ್ರಂಥಾಲಯಗಳು ಸಂಪುಟಗಳ ಪಕ್ಕದಲ್ಲಿ ಧ್ವನಿಮುದ್ರಣಗಳನ್ನೂ ಇರಿಸಬೇಕು. ಮೇಳಗಳು ಪ್ರತಿ ರಾತ್ರಿ ತಮ್ಮ ಸೀಮೆಯ ಪದಕಾರರ ಒಂದೆರಡು ಅಪರೂಪದ ಪದಗಳಿಗಾದರೂ ಎಡೆ ಮಾಡಿಕೊಟ್ಟರೆ, ಪುಸ್ತಕದಲ್ಲಿ ಉಳಿದ ಪದವು ಮತ್ತೆ ಜನರ ಕಂಠಕ್ಕೆ ಬರುತ್ತದೆ. ತತ್ವಪದದ ನಿಜವಾದ ನೆಲೆ ಅದೇ ಆಗಿದೆ.